ಅಗ್ಗದ ಶಿಬಿರ ಯಾರ ಖರ್ಚಿನಲ್ಲಿ?

ಏಪ್ರಿಲ್ ತಿಂಗಳಲ್ಲಿ ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳ ಪರೀಕ್ಷೆ ಮುಗಿಯುತ್ತವೆ. ಅಲ್ಲಿಂದ ಜೂನ್ ನಡುವಿನ ತನಕ ಮಕ್ಕಳಿಗೆ ಸೂಟಿ. ಆ ಹೊತ್ತಿಗೆ ನಮ್ಮ ವಾಚನಾಲಯದ ಮೇಜಿನ ಮೇಲೆ ಪೇಪರಿನ ಜೊತೆ ಬಣ್ಣದ ಹ್ಯಾಂಡಬಿಲ್ಲುಗಳೂ ಬಂದು ಬೀಳುತ್ತವೆ. ಬೇಸಿಗೆ ಶಿಬಿರ, ಇಷ್ಟು ದಿನ, ಊಟ ವಸತಿ ಸಹಿತ ಅಂತ. ಸಾಂಗಲಿ, ಮಿರಜ ಕಡೆಯವು ಮರಾಠಿಯಲ್ಲಿ ಇರುತ್ತವೆ, ವಿಜಯಪುರ ಕಡೆಯವು ಕನ್ನಡದಲ್ಲಿ. ಯಾರೇ ಕೈಗೆ ತಗೊಳ್ಳಲಿ, ಮೊದಲು ಕಣ್ಣು ಹೋಗುವುದು ಕೆಳಗಿನ ಸಾಲಿಗೆ. ಫೀ ಎಷ್ಟು? ನಾನೂ ಹಾಗೇ ನೋಡಿದವನು. ಅದರಲ್ಲಿ ತಪ್ಪೇನಿಲ್ಲ. ಒಣ ಬೇಸಾಯದ ಮನುಷ್ಯ ರೊಕ್ಕ ನೋಡದೆ ಏನು ನೋಡಬೇಕು? ಆದರೆ ಈ ವರ್ಷ ನನಗೊಂದು ಪ್ರಶ್ನೆ ಗಂಟುಬಿದ್ದಿದೆ. ಅಗ್ಗ ಅಂದರೆ ಏನು? ಒಂದು ಶಿಬಿರ ನನಗೆ ಅಗ್ಗವಾಯಿತು ಅಂದರೆ, ಉಳಿದ ಖರ್ಚನ್ನು ಯಾರು ಹೊತ್ತರು?

ಮೊದಲು ಇನ್ನೊಂದು ಮಾತು ತೀರಿಸಬೇಕು. ಮಕ್ಕಳನ್ನು ಹೊರಗೆ ಕಳಿಸಿ ಮಲಗಿಸುವುದಾದರೂ ಯಾಕೆ ಅಂತ ನಮ್ಮ ಹಿರಿಯರು ಕೇಳುತ್ತಾರೆ. ನಾನು ಹರದೇಶಿ ಹಾಡುವವನು. ನಮ್ಮ ಹಾಡಕಿಯಲ್ಲಿ ಒಂದು ಮೇಳ ಗಂಡು ಹೆಚ್ಚು ಅಂತ ಹಾಡಿದರೆ, ಎದುರಿನ ನಾಗೇಶಿ ಮೇಳ ಹೆಣ್ಣು ಹೆಚ್ಚು ಅಂತ ಹಾಡುತ್ತದೆ. ಎದುರಿನವರ ಸವಾಲು ಪೂರಾ ಕೇಳದೆ ಜವಾಬು ಹೇಳಲಿಕ್ಕೆ ಬರುವುದಿಲ್ಲ. ಆದ್ದರಿಂದ ಹಿರಿಯರ ಸವಾಲನ್ನು ಪೂರಾ ಹೇಳುತ್ತೇನೆ. ನಮ್ಮ ಮಕ್ಕಳು ಹೊರಗೆ ಮಲಗುವುದು ಹೊಸದಲ್ಲ. ಹಾಲುಮತದವರ ಹುಡುಗರು ಕುರಿಗಳ ಸಂಗಡ ಹೊಲದಲ್ಲೇ ಮಲಗುತ್ತಾರೆ. ಕಬ್ಬು ಕಡಿಯಲು ಹೋಗುವವರ ಮಕ್ಕಳು ದೀಪಾವಳಿ ದಾಟಿದ ಮೇಲೆ ನಾಲ್ಕೈದು ತಿಂಗಳು ಕಾರ್ಖಾನೆ ಹತ್ತಿರದ ಜೋಪಡಿಯಲ್ಲಿ ಮಲಗುತ್ತಾರೆ. ಛಟ್ಟಿ ಅಮವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಕಡೆ ನಡೆದು ಬರುವವರ ಜೊತೆ ಸಣ್ಣವರೂ ಇರುತ್ತಾರೆ, ದಾರಿಯಲ್ಲಿ ಮಲಗಿ ಏಳುತ್ತಾರೆ. ಇಷ್ಟೆಲ್ಲ ಇರುವಾಗ ರೊಕ್ಕ ಕೊಟ್ಟು ಹೊರಗೆ ಮಲಗಿಸುವ ಹುಚ್ಚು ಯಾಕೆ?

ಸವಾಲು ಗಟ್ಟಿ ಇದೆ. ಆದರೆ ನನ್ನ ಜವಾಬು ಇಷ್ಟು. ಕುರಿಯ ಹಿಂದೆ ಹೋದ ಹುಡುಗ ಕುರಿ ಕಾಯಬೇಕು. ಕಬ್ಬಿನ ಜೋಪಡಿಯಲ್ಲಿರುವ ಹುಡುಗಿ ತಮ್ಮನನ್ನು ಕಾಯಬೇಕು, ನೀರು ತರಬೇಕು. ಅಲ್ಲಿ ಮಗುವೇ ಮತ್ತೊಬ್ಬರನ್ನು ಕಾಯುತ್ತದೆ. ಶಿಬಿರ ಅಂದರೆ ಮಗುವನ್ನು ಬೇರೊಬ್ಬರು ಕಾಯುವ ಜಾಗ. ಮಗು ಆಡಲಿ, ಹಾಡಲಿ, ಬೇರೆ ಊರಿನ ಮಕ್ಕಳ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣಲಿ, ತನ್ನ ತಾಟು ತಾನೇ ತೊಳೆಯಲಿ ಅಂತ ಒಬ್ಬ ದೊಡ್ಡವರು ಎಚ್ಚರ ಇರುವ ಜಾಗ. ಬಡವರ ಮಕ್ಕಳಿಗೆ ಸಿಗದೇ ಹೋಗುವುದು ಅದೇ. ದೇಶ ಸುತ್ತು, ಕೋಶ ಓದು ಅಂತ ಹೇಳುತ್ತೇವೆ. ಆದರೆ ದುಡಿಮೆಗೆ ದೇಶ ಸುತ್ತುವುದು ಬೇರೆ, ಕಲಿಯಲಿಕ್ಕೆ ಸುತ್ತುವುದು ಬೇರೆ.

ಈ ವರ್ಷ ಈ ಮಾತು ನಮ್ಮ ಮನೆಯೊಳಗೇ ಬಂತು. ಮೊಮ್ಮಗಳು ಆರನೇ ಇಯತ್ತೆ ಮುಗಿಸಿದ್ದಾಳೆ, ಅವಳ ತಮ್ಮ ಮೂರನೆಯದು. ಹುಡುಗಿ ಮೂರು ಹ್ಯಾಂಡಬಿಲ್ ತಂದು ನನ್ನ ಮುಂದೆ ಇಟ್ಟು, "ಮುತ್ಯಾ, ಇದರಾಗ ಒಂದಕ್ಕ ನನ್ನ ಕಳಸು" ಅಂದಳು. ಒಂದಕ್ಕೆ 10 ದಿನಕ್ಕೆ 9,000 ರೂಪಾಯಿ. ಒಂದಕ್ಕೆ 7 ದಿನಕ್ಕೆ 1,500. ಮೂರನೆಯದು 10 ದಿನ, ಪುಕ್ಕಟೆ. ನಮ್ಮ ಸೊಸೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೋದರೆ ದಿನಕ್ಕೆ 300 ರೂಪಾಯಿ ಬರುತ್ತದೆ. ಮೊದಲನೆಯ ಶಿಬಿರ ಅಂದರೆ ಅವಳ 30 ದಿನದ ಬೆವರು. ಅದನ್ನು ಬದಿಗಿಟ್ಟೆವು. ಪುಕ್ಕಟೆಯದರ ಮೇಲೆ ನನ್ನ ಕಣ್ಣು ನಿಂತಿತು, ಸುಳ್ಳು ಯಾಕೆ ಹೇಳಲಿ.

ಸೊಸೆ ಅಂದಳು: "ಮಾವಾರ, ಕಳಸೂದಾದ್ರ ಹುಡುಗನ್ನ ಕಳಸ್ರಿ. ಹುಡುಗಿ ಹೊರಗ ಮಲಗೂದು ಬ್ಯಾಡ." ನನಗೂ ಅದು ಸರಿ ಅನಿಸಿತು. ನನ್ನ ಹೆಂಡತಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಮರ ಕೆಳಗಿಟ್ಟು ಹೇಳಿದಳು: "ಹದಿನಾಕು ವರ್ಷದಾಕಿ ಇದ್ದಾಗ ನಾ ಮೊದಲ ಸಲ ಪರರ ಮನ್ಯಾಗ ಮಲಗಿದೆ. ಅದು ಇದ ಮನಿ. ಆ ರಾತ್ರಿ ನೀರಡಿಸಿತ್ತು. ನೀರು ಎಲ್ಲಿ ಐತಿ ಅಂತ ಕೇಳಾಕ ಬಾಯಿ ಬರಲಿಲ್ಲ. ಬೆಳತನಕ ಹಂಗ ಕುಂತಿದ್ದೆ. ನನ್ನ ಮೊಮ್ಮಗಳು ಬಾಯಿಬಿಟ್ಟು ನೀರು ಕೇಳೂದು ಈಗ ಕಲೀಲಿ, ಮದಿವ್ಯಾದ ಮ್ಯಾಲ ಅಲ್ಲ."

ಮದುವೆಯಾಗಿ 47 ವರ್ಷ. ಈ ಮಾತನ್ನು ನಾನು ಕೇಳಿದ್ದು ಅವತ್ತೇ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಅಂತ ಅಷ್ಟು ಜಾತ್ರೆಗಳಲ್ಲಿ ಹಾಡಿದವನು, ನನ್ನ ಮನೆಯಲ್ಲಿ ಮೊದಲ ರಾತ್ರಿ ಒಬ್ಬಳು ನೀರಡಿಸಿ ಕುಳಿತಿದ್ದು ಗೊತ್ತಿರಲಿಲ್ಲ. ಹುಡುಗಿಯನ್ನೇ ಕಳಿಸಬೇಕು ಅಂತ ಅಲ್ಲಿಗೆ ತೀರಿತು.

ಇನ್ನು ಎಲ್ಲಿಗೆ? ಆಗ ನನ್ನ ಮಗ ಬಾಯಿಬಿಟ್ಟ. "ಪುಕ್ಕಟೆ ಐತಿ ಅಂತ ಅಷ್ಟಕ್ಕ ಕಳಸಬ್ಯಾಡ ಯಪ್ಪಾ. ಮೊದಲು ಹೋಗಿ ನೋಡಿ ಬಾ." ಅವನು ಇಷ್ಟೇ ಅಂದ. ಆದರೆ ಅದರ ಹಿಂದಿನದು ನನಗೆ ಗೊತ್ತಿತ್ತು.

ಅವನಿಗೆ ಹತ್ತು ವರ್ಷ ಇದ್ದಾಗ ನಮಗೆ ಬರಗಾಲ ಬಿದ್ದಿತ್ತು. ಹಿಂಗಾರಿ ಜೋಳ ತೆನೆ ಬಿಡಲಿಲ್ಲ. ಬೇಸಿಗೆಯಲ್ಲಿ ಒಂದು ಕಡೆ ಒಂದು ತಿಂಗಳ ಪುಕ್ಕಟೆ ಶಿಬಿರ ಇದೆ, ಊಟ ಹಾಕಿ ಸಂಸ್ಕಾರ ಕಲಿಸುತ್ತಾರೆ ಅಂತ ಯಾರೋ ಹೇಳಿದರು. ಸಂಸ್ಕಾರದ ಆಸೆಗಿಂತ ಮನೆಯಲ್ಲಿ ಒಂದು ಹೊಟ್ಟೆ ಕಡಿಮೆಯಾದೀತು ಅನ್ನುವ ಆಸೆ ನನ್ನಲ್ಲಿ ಹೆಚ್ಚಿತ್ತು. ಬಸ್ಸಿಗೆ ಹತ್ತಿಸಿ ಕಳಿಸಿದೆ. ಹೋಗಿ ನೋಡಲಿಲ್ಲ. ಬೇಸಿಗೆ ಅಂದರೆ ಜಾತ್ರೆಗಳ ಕಾಲ, ನಮಗೆ ಹಾಡಕಿ ಸಿಗುವ ಕಾಲ. ತಿಂಗಳಾದ ಮೇಲೆ ಹುಡುಗ ಬಂದ. ಸೊರಗಿದ್ದ, ಕೈಬೆರಳ ಸಂದಿಯಲ್ಲೆಲ್ಲ ಕಜ್ಜಿ, ಮಾತು ಕಡಿಮೆ. ಬಿಸಿಲಿಗೆ ಹಾಗಾಗಿದೆ ಅಂತ ಬೇವಿನ ಎಲೆ ಹಾಕಿ ಎರೆದೆವು.

ಅವನು ದೊಡ್ಡವನಾಗಿ ಮದುವೆಯಾದ ಮೇಲೆ ಒಂದು ದಿನ ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಹೇಳಿದ. ಅಲ್ಲಿ ಕಟ್ಟಡ ನಡೆದಿತ್ತಂತೆ. ಬೆಳಗಿನಿಂದ ಮಕ್ಕಳು ಕಲ್ಲು ಹೊರಬೇಕು. ರಾತ್ರಿ ದೊಡ್ಡವರು ಬಾಗಿಲಿಗೆ ಕೀಲಿ ಹಾಕಿ ತಮ್ಮ ಮನೆಗೆ ಹೋಗುತ್ತಿದ್ದರು. ಒಳಗೆ ದೀಪ ಇಲ್ಲ. ಬಲಿತ ಹುಡುಗರು ಸಣ್ಣವರ ಹಾಸಿಗೆ ಕಸಿದುಕೊಂಡು ಹೊಡೆಯುತ್ತಿದ್ದರು. "ನೀ ಒಂದ ಸಲ ಬಂದಿದ್ರ ಸಾಕಿತ್ತು" ಅಂದ. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟಿನಿಂದ ಅಂದಿದ್ದರೆ ನಾನೂ ಏನಾದರೂ ಜವಾಬು ಕೊಡುತ್ತಿದ್ದೆನೋ ಏನೋ. ಅಗ್ಗಕ್ಕೆ ಮುಗ್ಗಿದ ಜೋಳ ತಂದ ಹಾಗೆ ಅನ್ನುತ್ತಾರಲ್ಲ. ಜೋಳ ಮುಗ್ಗಿದ್ದರೆ ಮನೆಯವರೆಲ್ಲ ಕೂಡಿ ಉಣ್ಣುತ್ತೇವೆ. ಇಲ್ಲಿ ತಂದವನು ನಾನು, ಉಂಡವನು ಅವನೊಬ್ಬನೇ.

ಹಾಗಾದರೆ ಪುಕ್ಕಟೆಯದೆಲ್ಲ ಕೆಟ್ಟದ್ದೋ? ಹಾಗೆ ಹೇಳಿದರೆ ನಮ್ಮ ನಾಡಿಗೇ ಅನ್ಯಾಯ ಮಾಡಿದಂತೆ. ಕರ್ಮವೀರ ಭಾವೂರಾವ ಪಾಟೀಲರ ಹೆಸರು ನಮ್ಮ ಭಾಗದ ಮಾಸ್ತರರಿಗೆಲ್ಲ ಗೊತ್ತು. ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದವರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಸಾತಾರೆಯಲ್ಲಿ ಅವರು ನಡೆಸಿದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಸೂರಿನಡಿ ಮಲಗುತ್ತಿದ್ದರು, ಒಂದೇ ಒಲೆಯ ಅಡಿಗೆ ಉಣ್ಣುತ್ತಿದ್ದರು. ಹುಡುಗರು ಅಲ್ಲಿಯೂ ದುಡಿಯುತ್ತಿದ್ದರು. ಆದರೆ ಆ ದುಡಿಮೆ ಅವರ ಅನ್ನಕ್ಕೆ, ಅವರ ಓದಿಗೆ. ಒಂದು ಸಲ ಮಕ್ಕಳಿಗೆ ಅನ್ನ ಹಾಕಲು ಏನೂ ಉಳಿಯದಾಗ ಅವರ ಹೆಂಡತಿ ಲಕ್ಷ್ಮೀಬಾಯಿ ತಮ್ಮ ಬಂಗಾರ ಕೊಟ್ಟರು, ಕಡೆಗೆ ಕೊರಳಿನ ಮಂಗಳಸೂತ್ರವನ್ನೂ ಕೊಟ್ಟರು. ಬಡವರ ಹುಡುಗರಿಗೆ ಆ ಬೋರ್ಡಿಂಗು ಅಗ್ಗವಾಗಿದ್ದರೆ, ಬೆಲೆ ಇರಲಿಲ್ಲ ಅಂತ ಅಲ್ಲ. ಬೆಲೆ ಆ ತಾಯಿಯ ಕೊರಳಿನಿಂದ ಹೋಗಿತ್ತು.

ಇದನ್ನು ಯೋಚಿಸುತ್ತ ನನಗೆ ತಿಳಿದದ್ದು ಇಷ್ಟು. ಅಗ್ಗದಲ್ಲಿ ಎರಡು ಜಾತಿ ಇವೆ. ಒಂದು, ಯಾರೋ ತಮ್ಮದನ್ನು ಕೊಟ್ಟು ಮಾಡಿದ ಅಗ್ಗ. ಇನ್ನೊಂದು, ಮಕ್ಕಳದ್ದನ್ನು ಕಸಿದು ಮಾಡಿದ ಅಗ್ಗ. ಅವರ ನಿದ್ದೆ, ಅವರ ಊಟ, ಅವರ ಮೈಯ ಬಲ, ಅವರ ಮಾನ ಇವುಗಳಲ್ಲಿ ಉಳಿಸಿ ಮಾಡಿದ್ದು. ಹ್ಯಾಂಡಬಿಲ್ಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದು ಅಂತ ತಿಳಿಯಬೇಕಾದರೆ ಹೋಗಿ ಕೇಳಬೇಕು.

ಇಲ್ಲಿ ನಮಗೊಂದು ಸಂಕೋಚ ಅಡ್ಡ ಬರುತ್ತದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಅಂತ ನಗುತ್ತಾರೆ. ಪುಕ್ಕಟೆ ಅನ್ನ ಹಾಕುವವರನ್ನು ಏನು ಕೇಳುವುದು, ಕೇಳಿದರೆ ಸಣ್ಣತನ ಅಂತ ಬಡವರು ಬಾಯಿ ಮುಚ್ಚುತ್ತೇವೆ. ರೊಕ್ಕ ಕೊಟ್ಟವರು ಧೈರ್ಯವಾಗಿ ಕೇಳುತ್ತಾರೆ. ದಟ್ಟಿಯ ಮಾತು ಸರಿ. ದಟ್ಟಿ ನನ್ನ ಮೈಮೇಲೆ ಗಿಡ್ಡವಾದರೆ ನಾನು ಸಹಿಸಬಹುದು. ಆದರೆ ಶಿಬಿರಕ್ಕೆ ಕೊಡುವಾಗ ಕೊಡುವವನು ನಾನು. ನನ್ನ ಮಗುವನ್ನೇ ಕೊಡುತ್ತಿದ್ದೇನೆ. ತಗೊಳ್ಳುವವರು ಅವರು. ಕೊಡುವವನು ಕೇಳಬೇಕು. ಒಳ್ಳೆಯವರಿಗೆ ಈ ಕೇಳಿಕೆಯಿಂದ ಅವಮಾನ ಆಗುವುದಿಲ್ಲ.

ಮಗನ ಮಾತಿನಂತೆ ಬಸ್ಸು ಹತ್ತಿ ಎರಡೂ ಕಡೆ ಹೋಗಿ ಬಂದೆ. ಪುಕ್ಕಟೆಯ ಕಡೆ ಕಟ್ಟಡ ದೊಡ್ಡದು, ಮಾತು ಬಹಳ ನಯ. ರಾತ್ರಿ ಮಕ್ಕಳ ಜೊತೆ ಯಾರು ಮಲಗುತ್ತಾರೆ ಅಂತ ಕೇಳಿದೆ. "ಎಲ್ಲಾ ವ್ಯವಸ್ಥಾ ಐತಿ" ಅಂದರು. ಮಲಗುವ ಕೋಣೆ ತೋರಿಸಿರಿ ಅಂದೆ, ಈಗ ಆಗುವುದಿಲ್ಲ ಅಂದರು. ನಡುವೆ ಒಂದು ದಿನ ಬಂದು ನೋಡಬಹುದೇ ಅಂದೆ. ಹತ್ತು ದಿನ ಭೇಟಿ ಇಲ್ಲ, ಫೋನೂ ಇಲ್ಲ, ಮಕ್ಕಳ ಮನಸ್ಸು ಕೆಡುತ್ತದೆ ಅಂದರು. ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ನನಗೆ ಗೊತ್ತಾಗದಂತೆ ಬಾಗಿಲು ಮುಚ್ಚಿದ್ದರು, ಅಷ್ಟು ಹೇಳಬಲ್ಲೆ.

ಇನ್ನೊಂದು ಕಡೆ ಒಂದು ಹಳೇ ಶಾಲೆ. ಪಿಂಚಣಿಯಾದ ಮಾಸ್ತರರು ಮತ್ತು ಅವರ ಮನೆಯವರು ನಡೆಸುತ್ತಾರೆ. ಮೊದಲು ಅವರು ಹೇಳಿದ್ದು ತಮ್ಮಲ್ಲಿ ಏನಿಲ್ಲ ಅನ್ನುವುದನ್ನು. ಫ್ಯಾನು ಸಾಕಾಗುವಷ್ಟಿಲ್ಲ, ನೀರು ಟ್ಯಾಂಕರಿನದು, ತಲೆ ಮೇಲೆ ನೀರು ದಿನಾ ಸಿಗುವುದಿಲ್ಲ ಅಂದರು. ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಯಾವ ಊರಿನಿಂದ ಎಷ್ಟು ಜೋಳ ಬಂತು, ಬೇಳೆ ಎಷ್ಟು, ಅಡಿಗೆಯವರ ಪಗಾರ ಎಷ್ಟು, ಎಲ್ಲ ಬರೆದಿತ್ತು. ನಡೆಸುವವರ ಪಗಾರದ ಸಾಲೇ ಇರಲಿಲ್ಲ. 1,500ಕ್ಕೆ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಜವಾಬು ಆ ಕಾಗದದ ಮೇಲಿತ್ತು. ಹುಡುಗಿಯರ ಕೋಣೆಯಲ್ಲಿ ಇಬ್ಬರು ಬಾಯಿಯವರು ಮಲಗುತ್ತಾರೆ. ಪಾಯಖಾನೆಯ ದಾರಿಗೆ ದೀಪ ಉರಿಯುತ್ತದೆ. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿ ಕೀಲಿ ಹಾಕಿದ್ದಾರೆ. ನೀರಿನ ಕೊಡ ಕೋಣೆಯ ಒಳಗೇ, ಮಕ್ಕಳ ಕೈಗೆ ಎಟಕುವ ಹಾಗೆ ಇದೆ. ಅದನ್ನು ನೋಡಿ ನನ್ನ ಹೆಂಡತಿಯ ಮಾತು ನೆನಪಾಯಿತು.

ನಾನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದರೆ ಓದುವವರಿಗೆ ಉಪಯೋಗವಾದೀತು. ಹಗಲಿನ ಆಟಪಾಠ ಹ್ಯಾಂಡಬಿಲ್ಲಿನಲ್ಲೇ ಇರುತ್ತದೆ, ಅದನ್ನು ಕೇಳುವುದು ಬೇಕಿಲ್ಲ. ರಾತ್ರಿಯದನ್ನು ಕೇಳಬೇಕು. ಕೋಣೆಯಲ್ಲಿ ಯಾರು ಮಲಗುತ್ತಾರೆ? ದೊಡ್ಡ ಹುಡುಗರನ್ನೂ ಸಣ್ಣವರನ್ನೂ ಬೇರೆ ಬೇರೆ ಮಲಗಿಸುತ್ತಾರೋ? ಜ್ವರ ಬಂದರೆ, ಚೇಳು ಕಡಿದರೆ ದವಾಖಾನೆ ಎಷ್ಟು ದೂರ, ಗಾಡಿ ಯಾರದು? ಈಜಲು ಕರೆದೊಯ್ದರೆ ಜೊತೆಗೆ ಈಜು ಬಲ್ಲವರು ಎಷ್ಟು ಮಂದಿ? ಹೆಣ್ಣುಮಕ್ಕಳು ದೊಡ್ಡವರಾಗುವ ವಯಸ್ಸಿನವರಿದ್ದರೆ ಅವರಿಗೆ ಬೇಕಾದ ಬಟ್ಟೆ, ನೀರು ಯಾರು ನೋಡುತ್ತಾರೆ? ಗಡಿನಾಡಿನವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಹಗಲಿನಲ್ಲಿ ನಮ್ಮ ಮಕ್ಕಳು ಮರಾಠಿಯಲ್ಲಿ ಹಾಡುತ್ತಾರೆ, ಆಡುತ್ತಾರೆ, ಅದು ಬಹಳ ಚಲೋ. ಆದರೆ ನಡುರಾತ್ರಿ ಹೊಟ್ಟೆ ನೋವು ಬಂದಾಗ ಬಾಯಿಂದ ಬರುವುದು ತಾಯಿಯ ಮಾತು. ಅದನ್ನು ತಿಳಿಯುವವರು ಒಬ್ಬರಾದರೂ ಅಲ್ಲಿ ಇದ್ದಾರೋ?

ಮಗುವಿಗೂ ಹೇಳಿ ಕಳಿಸಬೇಕು. ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಬೇಡದ ರೀತಿ ಮೈ ಮುಟ್ಟಿ ಮನೆಯಲ್ಲಿ ಹೇಳಬೇಡ ಅಂದರೆ, ಅದನ್ನೇ ಮೊದಲು ಮನೆಯಲ್ಲಿ ಹೇಳು ಅಂತ. 18 ವರ್ಷದ ಒಳಗಿನ ಮಕ್ಕಳಿಗಾಗಿ 2012ರಲ್ಲಿ ಪೋಕ್ಸೋ ಕಾಯದೆ ಬಂದಿದೆ. ಗಂಡುಮಕ್ಕಳಿಗೂ ಅದು ಅನ್ವಯ. ಕಷ್ಟದಲ್ಲಿರುವ ಮಕ್ಕಳಿಗೆ 1098 ಅಂತ ಪುಕ್ಕಟೆ ಫೋನು ನಂಬರು ಇದೆ. ಮೊಮ್ಮಗಳಿಗೆ ಅದನ್ನು ಬಾಯಿಪಾಠ ಮಾಡಿಸಿದೆವು. ಇದನ್ನೆಲ್ಲ ಮಕ್ಕಳ ಮುಂದೆ ಆಡಲು ನಮಗೆ ನಾಚಿಕೆ. ನಮ್ಮ ನಾಚಿಕೆಯ ದಂಡವನ್ನು ಮಕ್ಕಳು ತೆರುವುದು ಬೇಡ.

ಇನ್ನೊಂದು ಮಾತು ಉಳಿಯಿತು. ಯಾರೋ ತಮ್ಮದನ್ನು ಕೊಟ್ಟು ಅಗ್ಗ ಮಾಡಿದ್ದಾರೆ ಅಂತ ತಿಳಿದ ಮೇಲೆ ನಾವು ಸುಮ್ಮನೆ 1,500 ಕೊಟ್ಟು ಬರಬಹುದೇ? ಕೊಡಬಹುದು, ಯಾರೂ ಬೈಯುವುದಿಲ್ಲ. ಆದರೆ ಎಲ್ಲರೂ ಹಾಗೆ ಮಾಡಿದರೆ ಆ ಮಾಸ್ತರರು ಎಷ್ಟು ವರ್ಷ ನಡೆಸಿಯಾರು? ಒಂದು ಚೀಲ ಜೋಳ ಒಯ್ದು ಹಾಕಿದೆ. ಒಂದು ಸಂಜೆ ತುಂತುಣಿ, ಡಪ್ಪು ತಗೊಂಡು ಹೋಗಿ ಮಕ್ಕಳಿಗೆ ಹಾಡಿ ಬಂದೆ.

ಮನೆಯಲ್ಲಿ 3,000 ರೂಪಾಯಿ ಹೊಂದಿಸಿದ್ದೆವು, ಮಕ್ಕಳು ಇಬ್ಬರೂ ಹೋಗಲಿ ಅಂತ. ಆಗ ನಮ್ಮ ಓಣಿಯ ಒಂದು ಹುಡುಗಿ ಮೊಮ್ಮಗಳ ಜೊತೆ ಬಂದು ಬಾಗಿಲಲ್ಲಿ ನಿಂತಿತ್ತು. ಅವಳ ತಾಯಿತಂದೆ ಕಬ್ಬು ಕಡಿದು ಅದೇ ಆಗ ಊರಿಗೆ ಬಂದಿದ್ದರು. ಮುಕಾದಮನ ಮುಂಗಡ ಇನ್ನೂ ತೀರಿಲ್ಲ. ಹುಡುಗಿ ಏನೂ ಕೇಳಲಿಲ್ಲ, ಹ್ಯಾಂಡಬಿಲ್ಲಿನ ಚಿತ್ರ ನೋಡುತ್ತಿತ್ತು. ಮೊಮ್ಮಗನಿಗೆ ಎಂಟು ವರ್ಷ, ಬರುವ ವರ್ಷ ಹೋಗಬಹುದು ಅಂತ ಮಗನೂ ಸೊಸೆಯೂ ಒಪ್ಪಿ ಆ ರೊಕ್ಕವನ್ನು ಈ ಹುಡುಗಿಗೆ ಕಟ್ಟಿದರು. ಮೊಮ್ಮಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವನ ಪಾಲನ್ನು ತೆಗೆದು ಕೊಟ್ಟದ್ದು ಧರ್ಮವೋ, ಅವನನ್ನು ಕೇಳದೆ ಕೊಟ್ಟದ್ದು ಅಧರ್ಮವೋ? ನನ್ನ ಮಂಗಳಸೂತ್ರ ನಾನು ಕೊಡಬಹುದು, ಇನ್ನೊಬ್ಬರದ್ದನ್ನು ಕೊಡಲಿಕ್ಕೆ ಬರುವುದಿಲ್ಲ ಅಂತ ಆಮೇಲೆ ಹೊಳೆಯಿತು. ಬರುವ ವರ್ಷದ ಅವನ ಫೀಗೆ ಈಗಿನಿಂದಲೇ ಹಾಡಕಿಯ ರೊಕ್ಕದಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಡುತ್ತಿದ್ದೇನೆ. ಅದು ನನ್ನ ಸಾಲ.

ಏಳನೆಯ ದಿನ ಮಕ್ಕಳನ್ನು ಕರೆತರಲು ಹೋದಾಗ ಮಾಸ್ತರರ ಮನೆಯವರು ಕರೆದು ಕೂಡಿಸಿ ಹೇಳಿದರು. "ನಿಮ್ಮ ಹುಡುಗಿ ಮೊದಲನೇ ರಾತ್ರಿ ಬಹಳ ಅತ್ತಳ್ರಿ. ನಾ ಬಾಜೂಕ ಕುಂತಿದ್ದೆ. ಎರಡನೇ ರಾತ್ರಿ ಎಬ್ಬಿಸಿ ನೀರು ಕೇಳಿದಳು. ಮೂರನೇ ರಾತ್ರಿ ತಾನ ಎದ್ದು ಕುಡದಳು, ತನ್ನ ಗೆಳತಿಗೂ ಕೊಟ್ಟಳು." ಅತ್ತದ್ದನ್ನು ಮುಚ್ಚಿಡದೆ ಹೇಳಿದರಲ್ಲ, ಅದಕ್ಕೆ ನಾನು ಕೈಮುಗಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮೊಮ್ಮಗಳನ್ನು ಮುಂದೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚತೊಡಗಿದಳು.

ಬರುವ ಏಪ್ರಿಲ್ಲಿಗೆ ವಾಚನಾಲಯದ ಮೇಜಿನ ಮೇಲೆ ಮತ್ತೆ ಹ್ಯಾಂಡಬಿಲ್ಲುಗಳು ಬರುತ್ತವೆ. ಫೀ ನೋಡಿರಿ, ಅವಶ್ಯ ನೋಡಿರಿ. ನೋಡಿದ ಮೇಲೆ ಒಂದು ದಿನದ ಕೂಲಿ ಬಿಟ್ಟು ಆ ಜಾಗಕ್ಕೆ ಹೋಗಿ ಬರ್ರಿ. ಹೋಗಲು ಆಗದವರ ಪರವಾಗಿ ಊರಿನ ಇಬ್ಬರು ಹೋಗಿ ಬಂದರೂ ನಡೆದೀತು, ನಮ್ಮ ಮಾಸ್ತರರು ಮನಸ್ಸು ಮಾಡಿದರೆ ಅದು ಕಷ್ಟವಿಲ್ಲ. ಸುಗ್ಗಿಯಲ್ಲಿ ಮನೆಗೆ ಒಂದು ಸೇರು ಜೋಳ ವಾಚನಾಲಯಕ್ಕೆ ಎತ್ತಿಟ್ಟರೆ, ಬೇಸಿಗೆಯಲ್ಲಿ ಫೀ ಕಟ್ಟಲಾಗದ ಒಂದೆರಡು ಮಕ್ಕಳಾದರೂ ಹೋದಾವು. ನನ್ನ ಮನೆಯ ಸೇರನ್ನು ನಾನು ಮೊದಲು ತಂದು ಹಾಕುತ್ತೇನೆ.